ಸದ್ದಿಲ್ಲದ ಕೊಡಪಾನ

ನಮ್ಮೂರಿನಲ್ಲಿ ಕಡಲಿಗೆ ಹೋದವರ ಸುದ್ದಿ ಅಡುಗೆಮನೆಯಲ್ಲೇ ಸಿಗುತ್ತದೆ. ಮನೆಯವರು ನೀರಿನ ಮೇಲಿರುವಷ್ಟು ಹೊತ್ತು ಒಲೆಯ ಪಕ್ಕದ ಕೊಡಪಾನ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ತಾಮ್ರದ್ದಾದರೂ ಸರಿ, ಹಿತ್ತಾಳೆಯದ್ದಾದರೂ ಸರಿ. ಬಾವಿಯಿಂದ ಅದನ್ನು ತುಂಬಿ ತಂದವರಿಗೆ ಮಾತ್ರ ಆ ಸದ್ದು ಕೇಳುತ್ತದೆ, ಪಕ್ಕದಲ್ಲೇ ನಿಂತವರಿಗೆ ಕೇಳುವುದಿಲ್ಲ. ನನ್ನ ಅಪ್ಪ ಮೀನಿಗೆ ಹೋದಾಗ ಅಮ್ಮ ಒಂದು ಕಿವಿಯನ್ನು ಕೊಡಪಾನಕ್ಕೆ ಕೊಟ್ಟು ಇನ್ನೊಂದು ಕಿವಿಯಲ್ಲಿ ನಮ್ಮ ಜಗಳ ಕೇಳುತ್ತಿದ್ದಳು. ಸದ್ದು ಹತ್ತಿರವಾಯಿತು ಅನ್ನಿಸಿದರೆ ಎದ್ದು ಅಕ್ಕಿ ತೊಳೆಯುತ್ತಿದ್ದಳು. ದೋಣಿ ದಡ ಮುಟ್ಟುವ ಹೊತ್ತಿಗೆ ಗಂಜಿ ಬೆಂದಿರುತ್ತಿತ್ತು. ಸದ್ದು ನಿಂತೇ ಹೋದರೆ ಏನರ್ಥ ಎಂದು ನಮ್ಮೂರಿನಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಕಡಲಿಗೆ ಹೋಗುವವರು ತಮ್ಮ ಮನೆಯ ಕೊಡಪಾನದ ನೀರನ್ನು ಒಂದು ಪುಟ್ಟ ಗಿಂಡಿಯಲ್ಲಿ ತುಂಬಿ, ಬಾಯಿಗೆ ಮೇಣ ಮೆತ್ತಿ, ಸೊಂಟಕ್ಕೆ ಕಟ್ಟಿಕೊಂಡು ಹೋಗುವುದು ರೂಢಿ. ಗಿಂಡಿ ಇಲ್ಲದಿದ್ದರೆ ದೋಣಿ ಮಾಡುವ ಸದ್ದು ಎಷ್ಟೋ ಅಷ್ಟೇ ಮನೆಗೆ ಕೇಳುತ್ತದೆ. ಗಿಂಡಿ ಜೊತೆಗಿದ್ದರೆ ದೋಣಿ ಎಷ್ಟು ದೂರ ಹೋದರೂ, ಎಷ್ಟು ಸುಮ್ಮನೆ ಹೋದರೂ, ಕೊಡಪಾನ ಬಿಡದೆ ಹೇಳುತ್ತಿರುತ್ತದೆ. ಮಗು ಹುಟ್ಟಿದರೆ ನಾವು ತೊಟ್ಟಿಲಿಗಿಂತ ಮೊದಲು ಗಿಂಡಿ ತರುತ್ತೇವೆ.

ನನ್ನ ಮಗಳು ಹರಿಣಾಕ್ಷಿ ಹೊಟ್ಟೆಯಲ್ಲಿದ್ದ ವರ್ಷ ಆಚೆ ದೇಶದ ಹಡಗುಗಳು ಬಂದು ನಮ್ಮ ಕಡಲಿನಲ್ಲಿ ಸಾಲಾಗಿ ನಿಂತವು. ಗುಂಡು ಹಾರಿಸಲಿಲ್ಲ, ಬೈಯಲಿಲ್ಲ, ಸುಮ್ಮನೆ ನಿಂತವು. ನಮ್ಮ ದೋಣಿಗಳು ಮರಳಿನ ಮೇಲೆ ಒಣಗಿದವು. ಊರಿನ ಕೊಡಪಾನಗಳಿಗೆ ಹೇಳಲು ಏನೂ ಇರಲಿಲ್ಲ. ರಾಜಧಾನಿಯವರು ಆಚೆ ದೇಶ ಕೇಳಿದ್ದಕ್ಕೆಲ್ಲ ಹೂಂ ಎಂದ ಮೇಲೆಯೇ ಆ ಹಡಗುಗಳು ತಿರುಗಿದ್ದು. ಆ ದಿನಗಳಲ್ಲಿ ಉಪ್ಪುಗಂಜಿ ಕುಡಿದು ಬಸುರಿನ ದಿನ ಕಳೆದವಳು ನಾನು. ಆದ್ದರಿಂದ ನಮ್ಮ ದೇಶವೂ ನೀರಿನೊಳಗೆ ಹೋಗುವ ಹಡಗು ಮಾಡುತ್ತದಂತೆ, ಅದರೊಳಗೆ ಅರ್ಧ ಭೂಮಿ ದಾಟುವ ಕ್ಷಿಪಣಿಗಳನ್ನು ನಿಲ್ಲಿಸುತ್ತದಂತೆ ಎಂಬ ಸುದ್ದಿ ಬಂದಾಗ, ಊರಿನಲ್ಲಿ ಬೇಡ ಎಂದವರು ಯಾರೂ ಇರಲಿಲ್ಲ. ಪೇಪರಿನವರು ಅದನ್ನು ಜಲಾಂತರ್ಗಾಮಿ ಎಂದು ಬರೆದರು. ನಾವು ಒಳಹಡಗು ಎಂದು ಕರೆದೆವು.

ಅದರ ಕಾರ್ಖಾನೆ ನಮ್ಮೂರಿಗೇ ಬಂತು. ಯಾಕೆ ಎಂದು ಕೇಳುವಂತಿರಲಿಲ್ಲ, ಕಾರಣ ನಮ್ಮ ಅಡುಗೆಮನೆಗಳಲ್ಲೇ ಇತ್ತು. ಒಳಹಡಗು ಮುಳುಗಿ ಓಡಾಡುವಾಗ ಅದರೊಳಗೆ ನಮ್ಮೂರಿನ ಕೆಲವರು ಇರುತ್ತಿದ್ದರು, ಗಿಂಡಿ ಇಲ್ಲದೆ. ಅವರ ಮನೆಯ ಹೆಂಗಸರು ಕೊಡಪಾನದ ಬಾಯಿಗೆ ಕಿವಿ ಇಟ್ಟು ಕೂರುತ್ತಿದ್ದರು. ಸದ್ದು ಕೇಳಿದರೆ ಅಂಗಳದ ಬಿದಿರಿನ ಗಳುವಿಗೆ ಕೆಂಪು ಬಟ್ಟೆ ಏರಿಸಬೇಕು, ಕೇಳದಿದ್ದರೆ ಬಿಳಿ. ದೀಪಸ್ತಂಭದ ಮೇಲೆ ನೌಕಾಪಡೆಯವರು ದುರ್ಬೀನು ಹಿಡಿದು ನಿಂತಿರುತ್ತಿದ್ದರು. "ನಿಮಗೆ ಕೇಳಿದರೆ ಆಚೆ ದೇಶದವರಿಗೂ ಕೇಳುತ್ತದೆ" ಎಂದು ಮೊದಲ ದಿನವೇ ಹೇಳಿದ್ದರು. ಮೊದಮೊದಲು ಊರಿಗೆ ಊರೇ ಕೆಂಪಾಗುತ್ತಿತ್ತು. ಹಡಗು ದಡಕ್ಕೆ ಬರುತ್ತಿತ್ತು, ಏನನ್ನೋ ಬಿಚ್ಚುತ್ತಿದ್ದರು, ಕಟ್ಟುತ್ತಿದ್ದರು, ಮತ್ತೆ ಇಳಿಸುತ್ತಿದ್ದರು. ನನ್ನ ಗಂಡನಿಗೆ ಅಲ್ಲಿ ಹಡಗಿನ ಮೈಗೆ ದಪ್ಪನೆಯ ರಬ್ಬರಿನ ಬಿಲ್ಲೆ ಅಂಟಿಸುವ ಕೆಲಸ. ಸದ್ದನ್ನು ಆ ಬಿಲ್ಲೆಗಳು ಕುಡಿದುಬಿಡುತ್ತವೆ. ಅವರ ಕೈಗೆ ಮೆತ್ತಿದ ಅಂಟು ಎಣ್ಣೆ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅನ್ನ ಕಲಸುವಾಗ ಅಗುಳು ಬೆರಳಿಗೆ ಅಂಟಿಕೊಂಡು, "ನೋಡು ಗುಲಾಬಿ, ನನ್ನ ಕೆಲಸ ಎಷ್ಟು ಗಟ್ಟಿ" ಎಂದು ನಗುತ್ತಿದ್ದರು.

ವರ್ಷದಿಂದ ವರ್ಷಕ್ಕೆ ಕೆಂಪು ಕಡಿಮೆಯಾಯಿತು. ಅಷ್ಟರಲ್ಲಿ ಹರಿಣಿ ಬೆಳೆದು, ಓದಿ, ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಅದೇ ಒಳಹಡಗಿಗೆ ಸೇರಿದಳು. ಕ್ಷಿಪಣಿಗಳು ನಿಂತಿರುವ ಕೋಣೆಯ ಕಾವಲು ಅವಳದು. ಅವುಗಳ ಬಿಸಿ, ತೇವ, ಮೇಲಿನ ಮುಚ್ಚಳಗಳ ಬಿಗಿ, ಎಲ್ಲವನ್ನೂ ನೋಡಿಕೊಳ್ಳಬೇಕು. ಕಳೆದ ಮಳೆಗಾಲ ಮುಗಿದ ಮೇಲೆ ನಡೆದ ಪರೀಕ್ಷೆಯಲ್ಲಿ ಒಂದೂ ಕೆಂಪು ಏರಲಿಲ್ಲ. ಊರಿಡೀ ಬಿಳಿ. ಅವತ್ತು ಬೇಕರಿಯವನು ಕೂಡ ಪುಕ್ಕಟೆ ಬಿಸ್ಕಿಟು ಹಂಚಿದ. ಇನ್ನು ಕ್ಷಿಪಣಿಗಳನ್ನು ತುಂಬಿಸಿಕೊಂಡು, ಕೊನೆಯ ಒಂದು ಪರೀಕ್ಷೆ ಮುಗಿಸಿ, ಹಡಗು ಮೊದಲ ದೊಡ್ಡ ಪ್ರಯಾಣಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಒಮ್ಮೆ ಹೋದರೆ ತಿಂಗಳುಗಟ್ಟಲೆ ಮೇಲೆ ಬರುವುದಿಲ್ಲ. ಫೋನಿಲ್ಲ, ಪತ್ರವಿಲ್ಲ.

ಹೊರಡುವ ಮುನ್ನಾದಿನ ಹರಿಣಿ ಮನೆಗೆ ಬಂದಿದ್ದಳು. ನಾನು ಬಂಗುಡೆ ಮೀನು ಹೆಚ್ಚುತ್ತಿದ್ದೆ. ಅವಳು ಅಡುಗೆಮನೆಯ ಹೊಸ್ತಿಲಿನ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ತುರಿದದ್ದರಲ್ಲಿ ಅರ್ಧ ಅವಳ ಬಾಯಿಗೇ ಹೋಗುತ್ತಿತ್ತು.

"ಅಷ್ಟು ದೂರ ಹೋಗುವ ಬಾಣ ಇಟ್ಟುಕೊಂಡು ಯಾರ ಮೇಲೆ ಬಿಡುದು ಮಗಾ ನೀವು?" ಎಂದು ಕೇಳಿದೆ.

"ಬಿಡ್ಲಿಕ್ಕೆ ಅಲ್ಲ ಅಮ್ಮ. ಉಂಟು ಅಂತ ಅವರಿಗೆ ಗೊತ್ತಿರ್ಬೇಕು. ಎಲ್ಲಿ ಉಂಟು ಅಂತ ಗೊತ್ತಿರ್ಬಾರ್ದು. ಅಷ್ಟಿದ್ರೆ ಅವರು ಮತ್ತೆ ಇಲ್ಲಿಗೆ ಬಂದು ನಿಲ್ಲುದಿಲ್ಲ."

"ನಾನು ಬೆಲ್ಲದ ಡಬ್ಬಿ ಅಡಗಿಸಿ ಇಡ್ತಿದ್ದ ಹಾಗೆ."

"ಹೌದು, ಹಾಗೇ."

"ನೀನು ಹುಡುಕಿ ತಿಂತಿದ್ದಿ ಅಲ್ವಾ ಮತ್ತೆ?"

ಅವಳು ಜೋರಾಗಿ ನಕ್ಕಳು. "ನೀನು ದಿನಾ ಜಾಗ ಬದಲು ಮಾಡ್ತಿದ್ದಿ, ಸರಿ. ಆದ್ರೆ ಅದರ ಮುಚ್ಚಳ ತೆಗೆಯುವಾಗ ಟಣ್ ಅಂತ ಸದ್ದಾಗ್ತಿತ್ತು. ನಾನು ಹೊರಗೆ ಕೂತು ಕಿವಿ ಕೊಡ್ತಿದ್ದೆ, ಅಷ್ಟೇ."

ಅವಳ ಅಪ್ಪ ಹೊರಗಿನಿಂದ, "ಅದಕ್ಕೇ ನಾನು ಆಮೇಲೆ ಮುಚ್ಚಳಕ್ಕೆ ರಬ್ಬರ್ ಅಂಟಿಸಿ ಕೊಟ್ಟದ್ದು!" ಎಂದು ಕೂಗಿದರು.

"ಆವಾಗ ನಾನು ದೊಡ್ಡವಳಾಗಿದ್ದೆ ಅಪ್ಪ, ಬೆಲ್ಲ ಬಿಟ್ಟಿದ್ದೆ."

ಊಟ ಮಾಡುವಾಗ ಅವಳು ಗುನುಗುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಅದೇ ಅಭ್ಯಾಸ, ಹಿಡಿಸಿದ ಪದಾರ್ಥ ಬಡಿಸಿದರೆ ಬಾಯಿ ಮುಚ್ಚಿಕೊಂಡೇ ಹೂಂಹೂಂ ಎಂದು ಹಾಡುತ್ತಾಳೆ. ಎಷ್ಟು ಬೈದರೂ ಬಿಡಲಿಲ್ಲ. ಹೊರಡುವಾಗ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಯಲ್ಲಿ ಒಬ್ಬಳೇ ಸ್ವಲ್ಪ ಹೊತ್ತು ಇದ್ದಳು. ನಾನು ಅದನ್ನು ದೊಡ್ಡದು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹಡಗು ಮುಳುಗಿತು. ಪರೀಕ್ಷೆ ಸಂಜೆಯವರೆಗೆ. ನಾನು ದೋಸೆ ಹುಯ್ದು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಕೊಡಪಾನದ ಎದುರು ಮಣೆ ಹಾಕಿ ಕೂತೆ. ಕಿವಿ ಇಟ್ಟೆ.

ಕೇಳಿತು.

ಹಡಗಿನ ಯಂತ್ರದ ಸದ್ದು ನನಗೆ ಹಳೆಯ ಪರೀಕ್ಷೆಗಳಿಂದ ಗೊತ್ತಿತ್ತು, ಒರಳು ತಿರುಗಿದಂತೆ ಇರುತ್ತದೆ. ಇದು ಅದಲ್ಲ. ಬಾಯಿ ಮುಚ್ಚಿಕೊಂಡು ಅನ್ನ ತಿನ್ನುವ ಹುಡುಗಿಯ ಹೂಂಹೂಂ. ಹತ್ತಿರ, ಕೆನ್ನೆಯ ಪಕ್ಕದಲ್ಲೇ. ನನ್ನ ಕಣ್ಣು ತಾನಾಗಿ ಗೋಡೆಯ ಗೂಡಿನ ಕಡೆ ಹೋಯಿತು. ಹರಿಣಿಯ ಗಿಂಡಿ ಇರುತ್ತಿದ್ದ ಜಾಗದಲ್ಲಿ ಮಸಿಯ ನಡುವೆ ಒಂದು ಗುಂಡನೆಯ ಬಿಳಿ ಗುರುತು ಮಾತ್ರ ಇತ್ತು. ಗಿಂಡಿ ಇರಲಿಲ್ಲ.

ಒಳಹಡಗಿಗೆ ಗಿಂಡಿ ಒಯ್ಯಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಸಿಕ್ಕಿಬಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಅದು ಗೊತ್ತಿದ್ದೂ ಒಯ್ದಿದ್ದಾಳೆ. ಯಾಕೆ ಎಂದು ಯಾರೂ ನನ್ನನ್ನು ಕೇಳಬೇಕಾಗಿರಲಿಲ್ಲ, ನಾನು ಕಿವಿ ಇಟ್ಟು ಕೂತಿದ್ದ ರೀತಿ ನೋಡಿದರೆ ಸಾಕಿತ್ತು. ತಿಂಗಳುಗಟ್ಟಲೆ ಈ ಸದ್ದು ಮನೆಯಲ್ಲಿರುತ್ತದೆ. ನಾನು ಕಸ ಗುಡಿಸುವಾಗ, ಮೀನು ಹೆಚ್ಚುವಾಗ, ಮಗಳು ಪಕ್ಕದಲ್ಲೇ ಊಟಕ್ಕೆ ಕೂತಂತೆ ಇರುತ್ತದೆ. ಊರಿನಲ್ಲಿ ನನ್ನ ಹೊರತು ಯಾರಿಗೂ ಕೇಳುವುದಿಲ್ಲ. ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಅಂಗಳಕ್ಕೆ ಹೋಗಿ ಬಿಳಿ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಎಳೆದೆ. ಬೇಲಿಯಾಚೆ ದೇವಕಿಯಕ್ಕನೂ ಬಿಳಿಯದ್ದನ್ನೇ ಏರಿಸುತ್ತಿದ್ದರು. ಅವರ ಮಗ ಕಮಲಾಕ್ಷ ಒಳಹಡಗಿನಲ್ಲಿ ಅಡುಗೆಯವನು.

"ಎಂತ ಗುಲಾಬಿ, ಕೇಳಿತಾ ನಿನಗೆ?"

"ಇಲ್ಲಪ್ಪ. ನಿಮಗೆ?"

"ಇಲ್ಲ ಮಾರಾಯ್ತಿ. ಎಂತದೂ ಇಲ್ಲ. ಸತ್ತ ಹಾಗೆ ಉಂಟು" ಎಂದವರು ನಾಲಿಗೆ ಕಚ್ಚಿಕೊಂಡು, "ಥೂ, ನನ್ನ ಬಾಯಿ. ಒಳ್ಳೇದೇ ಅಲ್ವಾ, ಸದ್ದಿಲ್ಲದಿದ್ರೆ" ಎಂದರು. ಮುಖ ಮಾತ್ರ ಹಬ್ಬದ ದಿನದಂತೆ ಇತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು, ನನ್ನನ್ನು ಒಂದು ಥರ ನೋಡಿದರು.

ಒಳಗೆ ಬಂದು ಸಾರಿಗೆ ಹುಣಸೆ ಕಿವುಚಿದೆ. ಹುಳಿ ಹೆಚ್ಚಾಯಿತು, ಒಂದು ಚೂರು ಬೆಲ್ಲ ಹಾಕೋಣ ಎಂದು ಡಬ್ಬಿ ತೆಗೆದೆ. ಮುಚ್ಚಳ ಎತ್ತಿದೆ, ಸದ್ದಾಗಲಿಲ್ಲ. ಇವರು ಅಂಟಿಸಿದ ರಬ್ಬರು ಇಷ್ಟು ವರ್ಷವಾದರೂ ಹಾಗೇ ಇದೆ. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಮುಚ್ಚಳ ಟಣ್ ಎನ್ನುತ್ತಿದ್ದ ದಿನಗಳಲ್ಲಿ ಬಾಗಿಲಾಚೆ ಕಿವಿ ಕೊಟ್ಟು ಕೂತಿದ್ದವಳು ಹರಿಣಿ. ಈಗ ಕಡಲಿನಾಚೆ ಕಿವಿ ಕೊಟ್ಟು ಕೂತವರು ಬೆಲ್ಲಕ್ಕೆ ಆಸೆಪಟ್ಟ ಮಕ್ಕಳಲ್ಲ. ಗಿಂಡಿಯ ಸದ್ದು ಹರಿಯುವುದು ಕಡಲಿನ ನೀರಿನಲ್ಲೇ, ನೀರು ನಮ್ಮ ದಡಕ್ಕೊಂದು, ಅವರ ದಡಕ್ಕೊಂದು ಎಂದು ಇಲ್ಲವಲ್ಲ. ನಾನು ಇಲ್ಲಿ ಮಗಳ ಗುನುಗು ಕೇಳಿ ಸುಖವಾಗಿ ಅನ್ನ ಬಸಿಯುತ್ತಿದ್ದರೆ, ಅಲ್ಲಿ ಯಾರೋ ಅದೇ ಗುನುಗನ್ನು ಹಿಡಿದು ಇಷ್ಟು ದೂರ, ಇಷ್ಟು ಆಳ ಎಂದು ಬೆರಳು ತೋರಿಸುತ್ತಿರುತ್ತಾರೆ. ಆಮೇಲೆ ಆ ಹಡಗುಗಳು ಮತ್ತೆ ಬಂದು ಸಾಲಾಗಿ ನಿಲ್ಲುತ್ತವೆ. ಅದಕ್ಕಿಂತ ಮೊದಲು ನನ್ನ ಮಗಳಿಗೆ ಏನಾಗುತ್ತದೆ ಎಂಬುದನ್ನು ನಾನು ಪೂರ್ತಿ ಯೋಚಿಸಲಿಲ್ಲ. ಅರ್ಧ ಯೋಚಿಸಿದ್ದೇ ಸಾಕಾಯಿತು.

ಸಾರಿನ ಉರಿ ತಗ್ಗಿಸಿ ಅಂಗಳಕ್ಕೆ ಹೋದೆ. ಬಿಳಿ ಇಳಿಸಿದೆ, ಕೆಂಪು ಏರಿಸಿದೆ. ಗಾಳಿ ಚೆನ್ನಾಗಿತ್ತು, ಬಟ್ಟೆ ಪೂರ್ತಿ ಬಿಚ್ಚಿಕೊಂಡಿತು.

"ಅಯ್ಯೋ ಇವಳೇ! ಎಂತ ಮಾಡಿದ್ದಿ ನೀನು?" ದೇವಕಿಯಕ್ಕ ಬೇಲಿಗೆ ಬಂದೇ ಬಿಟ್ಟರು. "ಇಳಿಸು, ಇಳಿಸು. ಅವರು ನೋಡುವ ಮೊದಲು ಇಳಿಸು. ಇಪ್ಪತ್ತು ವರ್ಷದ ಕೆಲಸ ನಿನ್ನ ಒಂದು ತುಂಡು ಬಟ್ಟೆಯಿಂದ ಹಾಳು!"

"ನನಗೆ ಕೇಳ್ತಾ ಉಂಟು ದೇವಕಿಯಕ್ಕ."

"ಕೇಳಿದ್ರೆ ಕೇಳ್ಲಿ! ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗುದಿಲ್ವಾ? ನಾನು ಕೂತ್ಕೊಳ್ಳಲಿಲ್ವಾ?"

ಹೇಳಿದ್ದು ಏನೆಂದು ಅವರಿಗೆ ತಡವಾಗಿ ಗೊತ್ತಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಿಮ್ಮದು ಹೇಗೆ ಕೇಳ್ತದೆ?" ಎಂದು ನಾನು ಮೆಲ್ಲಗೆ ಕೇಳಿದೆ.

"ಸೌಟು ಬಡಿದ ಹಾಗೆ" ಎಂದರು. ಕಣ್ಣು ತುಂಬಿತ್ತು. "ಅವನು ಹಾಗೇ ಅಲ್ವಾ, ಸೌಟು ಪಾತ್ರೆಯ ಬಾಯಿಗೆ ಬಡಿಯದೆ ಒಂದು ದಿನ ಅಡುಗೆ ಮಾಡಿದವನಲ್ಲ. ಗೂಡು ನೋಡಿದೆ. ಗಿಂಡಿ ಇಲ್ಲ. ಕಳ್ಳ ನನ್ನ ಮಗ."

"ನನ್ನವಳೂ."

ದೇವಕಿಯಕ್ಕ ಮೂಗು ಸೀಟಿಕೊಂಡು ಒಳಗೆ ಹೋದರು. ಬರುವಾಗ ಕೈಯಲ್ಲಿ ಕೆಂಪು ಬಟ್ಟೆ. ಅದನ್ನು ಕಟ್ಟುವಾಗಲೂ, "ನಿನ್ನಿಂದ ಆಯ್ತು ನೋಡು, ನಿನ್ನಿಂದ" ಎಂದು ಬೈಯುವುದನ್ನು ಬಿಡಲಿಲ್ಲ. ಎದುರು ಮನೆಯ ಫ್ಲಾವಿಯಾ ಬಾಯಿ ಜಗಲಿಯಿಂದ ಇದೆಲ್ಲವನ್ನೂ ನೋಡುತ್ತಿದ್ದರು. ಅವರ ಮಗ ಐವನ್ ಹಡಗಿನ ಯಂತ್ರದ ಕೋಣೆಯವನು. ಅವರು ಏನೂ ಕೇಳಲಿಲ್ಲ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ತಮ್ಮ ಗಳುವಿನ ಹಗ್ಗಕ್ಕೆ ಕೈ ಹಾಕಿದರು. ಅಲ್ಲಿಂದ ಮುಂದೆ ನಾನು ಹೇಳಬೇಕಾಗಿಲ್ಲ. ಬಂದರಿನ ಬೀದಿ, ಮಸೀದಿಯ ಹಿಂದಿನ ಸಾಲು, ಗುಡ್ಡದ ಮೇಲಿನ ಮನೆಗಳು, ಒಂದೊಂದಾಗಿ ಬಿಳಿ ಇಳಿಯಿತು, ಕೆಂಪು ಏರಿತು. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಕೇಳಿದೆ ಎಂದುಕೊಂಡು ಸಾರು ಕುದಿಸುತ್ತಿದ್ದಳು.

ಇವರು ಕಾರ್ಖಾನೆಯಿಂದ ಓಡಿಕೊಂಡೇ ಬಂದರು. ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತಾ ಗಳು ನೋಡಿದರು, ನನ್ನನ್ನು ನೋಡಿದರು. "ನನ್ನ ಬಿಲ್ಲೆ ಬಿತ್ತಾ ಗುಲಾಬಿ? ಎಲ್ಲರೂ ನನ್ನನ್ನೇ ನೋಡ್ತಾ ಇದ್ದಾರೆ. ಎಷ್ಟು ಬಿದ್ದಿರಬಹುದು?"

"ನಿಮ್ಮದು ಒಂದೂ ಬೀಳಲಿಲ್ಲ. ನಿಮ್ಮ ಮಗಳು ಗಿಂಡಿ ಒಯ್ದಿದ್ದಾಳೆ."

ಅವರು ಅಲ್ಲೇ ತುಳಸಿ ಕಟ್ಟೆಯ ಪಕ್ಕ ಕೂತುಬಿಟ್ಟರು. ಬಿಲ್ಲೆ ಬೀಳಲಿಲ್ಲ ಎಂಬ ಸಮಾಧಾನ ಮೊದಲು ಬಂತೋ, ಮಗಳ ಕೆಲಸ ಹೋಯಿತು ಎಂಬ ಸಂಕಟ ಮೊದಲು ಬಂತೋ, ಅವರ ಮುಖ ನೋಡಿದರೆ ಹೇಳಲಿಕ್ಕಾಗುತ್ತಿರಲಿಲ್ಲ. ನೀರು ಕೊಟ್ಟೆ. ಕುಡಿದು, "ನೀನೇ ಮೊದಲು ಏರಿಸಿದ್ದಾ?" ಎಂದರು. ಹೌದೆಂದೆ. ಲೋಟ ಕೆಳಗಿಟ್ಟು, "ಸರಿ ಮಾಡಿದ್ದಿ" ಎಂದರು.

ಮಧ್ಯಾಹ್ನದ ಮೇಲೆ ಹಡಗು ಕಪ್ಪು ಬೆನ್ನು ತೋರಿಸುತ್ತಾ ಬಂದರಿನ ದಕ್ಕೆಗೆ ಬಂತು. ನಮ್ಮನ್ನೂ ಕರೆಸಿದರು. ಕಪ್ತಾನರು ಘಟ್ಟದ ಮೇಲಿನವರು, ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಅವರ ಎದುರಿನ ಮೇಜಿನ ಮೇಲೆ ಗಿಂಡಿಗಳು. ನಮ್ಮೂರಿನ ಮಕ್ಕಳಷ್ಟೂ ತಲೆ ತಗ್ಗಿಸಿ ಹಿಂದೆ ನಿಂತಿದ್ದರು. ಒಬ್ಬ ಬೂಟಿನೊಳಗೆ ಇಟ್ಟುಕೊಂಡಿದ್ದನಂತೆ, ಕಮಲಾಕ್ಷ ಅಕ್ಕಿ ಚೀಲದೊಳಗೆ. ಒಬ್ಬರು ತಂದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಇವರೆಲ್ಲರನ್ನೂ ಇಳಿಸಿ ಬೇರೆಯವರನ್ನು ಹತ್ತಿಸುವುದು ನನಗೆ ಕಷ್ಟವಲ್ಲ" ಎಂದರು ಕಪ್ತಾನರು.

"ಹತ್ತಿಸಿ ಸಾರ್" ಎಂದರು ದೇವಕಿಯಕ್ಕ, ಯಾರೂ ಕೇಳದಿದ್ದರೂ. "ಅವರಿಗೂ ಅಮ್ಮಂದಿರು ಇರ್ತಾರೆ. ಅವರು ಗಿಂಡಿ ಅಲ್ಲದಿದ್ರೆ ಇನ್ನೆಂತದೋ ತರ್ತಾರೆ. ನಮ್ಮ ಮಕ್ಕಳದ್ದಾದ್ರೆ ನಾವು ಕಿವಿ ಇಟ್ಟು ಹೇಳ್ತೇವೆ."

"ಹೇಳುತ್ತೀರಿ ಎಂದು ನಾನು ಹೇಗೆ ನಂಬಲಿ ಅಮ್ಮ? ಬೆಳಿಗ್ಗೆ ಎಲ್ಲವೂ ಬಿಳಿಯೇ ಇತ್ತು."

ಕಪ್ತಾನರು ಕೇಳಿದ್ದು ನ್ಯಾಯವೇ. ಎಲ್ಲರೂ ನನ್ನ ಕಡೆ ತಿರುಗಿದರು.

"ಬೆಳಿಗ್ಗೆ ಬಿಳಿ ಇತ್ತು, ನಿಜ" ಎಂದೆ. "ಕೆಂಪು ಏರಿಸಿದ್ದೂ ನಾವೇ, ಸ್ವಾಮಿ. ಯಾರೂ ನಮ್ಮ ಕೈ ಹಿಡಿದು ಏರಿಸಲಿಲ್ಲ. ಮಕ್ಕಳ ಕೆಲಸ ಹೋಗ್ತದೆ ಅಂತ ಗೊತ್ತಿದ್ದೇ ಏರಿಸಿದ್ದು. ನಾಳೆ ಇವರನ್ನೇ ಗಿಂಡಿ ಇಲ್ಲದೆ ನೀರಿಗೆ ಇಳಿಸಿ. ಕೇಳಿದ್ರೆ ಕೇಳ್ತದೆ ಅಂತ ಹೇಳ್ತೇನೆ. ಕೇಳದಿದ್ರೆ ಕೇಳುದಿಲ್ಲ ಅಂತ ಹೇಳ್ತೇನೆ. ಇಷ್ಟು ದಿನ ಮೊದಲನೆಯದು ಕಷ್ಟ ಅಂದುಕೊಂಡಿದ್ದೆ, ಕಷ್ಟ ಎರಡನೆಯದೇ."

ಕಪ್ತಾನರು ಮಕ್ಕಳ ಕಡೆ ತಿರುಗಿ, ಪ್ರಯಾಣ ಮುಗಿಸಿ ಬಂದ ಮೇಲೆ ಒಬ್ಬರಿಗೂ ರಜೆಯಿಲ್ಲ, ಕಾರ್ಖಾನೆಯಲ್ಲಿ ಹಡಗಿನ ಮೈ ಉಜ್ಜಬೇಕು ಎಂದರು. "ಗಿಂಡಿಗಳನ್ನು ಅವರವರ ಅಮ್ಮಂದಿರ ಕೈಗೆ ಕೊಡಿ."

ಹರಿಣಿ ಗಿಂಡಿ ಹಿಡಿದು ನನ್ನ ಎದುರು ಬಂದು ನಿಂತಳು. ಸಿಟ್ಟು ಬಂದರೆ ಅವಳ ಕಿವಿ ಕೆಂಪಾಗುತ್ತದೆ.

"ನೀನೇ ಮೊದಲಾ ಅಮ್ಮ?"

"ಹೌದು."

"ನಿನಗೆ ಕೇಳ್ಲಿ ಅಂತಲೇ ತಂದದ್ದು ನಾನು. ಸದ್ದು ನಿಂತ್ರೆ ನೀನು ಎಂತ ಅಂದುಕೊಳ್ತಿ ಅಂತ ನನಗೆ ಗೊತ್ತಿಲ್ವಾ?"

"ಕೇಳಿತು ಮಗಾ. ಚೆಂದ ಕೇಳಿತು. ಹಡಗಿನ ಊಟದಲ್ಲಿ ಕಮಲಾಕ್ಷ ಎಂತದೋ ರುಚಿಯಾದ್ದು ಮಾಡಿದ್ದ, ಅಲ್ವಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. ನಾನು ಗಿಂಡಿ ತೆಗೆದುಕೊಂಡೆ. "ನನಗೆ ಸಾಕಷ್ಟು ಕೇಳಿ ಆಯ್ತು. ಇನ್ನು ಯಾರಿಗೂ ಕೇಳಬಾರದು. ನನಗೂ." ಅವಳ ಕಿವಿಯ ಕೆಂಪು ನಿಧಾನವಾಗಿ ಇಳಿಯಿತು. ನನ್ನ ಭುಜದ ಮೇಲೆ ಒಂದು ಗಳಿಗೆ ಗಲ್ಲವಿಟ್ಟು, ಸಾಲಿಗೆ ಹೋಗಿ ನೆಟ್ಟಗೆ ನಿಂತಳು.

ಮನೆಗೆ ಬಂದು ಮೇಣ ಕಿತ್ತು, ಗಿಂಡಿಯ ನೀರನ್ನು ಕೊಡಪಾನಕ್ಕೆ ಸುರಿದೆ. ಗಿಂಡಿಯನ್ನು ಗೂಡಿನ ಬಿಳಿ ಗುರುತಿನ ಮೇಲೆ ಇಟ್ಟೆ.

ಮರುದಿನ ಹಡಗು ಮತ್ತೆ ಮುಳುಗಿತು. ಮಣೆ ಹಾಕಿ ಕೂತೆ. ಕಿವಿ ಇಟ್ಟೆ. ತಾಮ್ರದ ತಂಪು ಬಿಟ್ಟರೆ ಏನೂ ಇರಲಿಲ್ಲ. ಅಮ್ಮನ ಕಾಲದಿಂದ ಕಲಿತ ಭಯ ಒಮ್ಮೆಲೇ ಎದ್ದಿತು. ಉಸಿರು ಹಿಡಿದು ಮತ್ತೆ ಕೇಳಿದೆ. ಆ ಖಾಲಿಯೊಳಗೆ ಇವರ ಬಿಲ್ಲೆಗಳಿದ್ದವು, ವರ್ಷಗಟ್ಟಲೆ ಬಿಚ್ಚಿ ಕಟ್ಟಿದ ಯಂತ್ರಗಳಿದ್ದವು, ಸೌಟಿಗೆ ಬಟ್ಟೆ ಸುತ್ತಿಕೊಂಡ ಕಮಲಾಕ್ಷನಿದ್ದ, ಬಿಗಿ ಮುಚ್ಚಳಗಳ ಕೆಳಗೆ ನನ್ನ ಮಗಳಿದ್ದಳು. ಅಷ್ಟು ಜನ ಸೇರಿ ಕಷ್ಟಪಟ್ಟು ಮಾಡಿದ ಮೌನ ಅದು. ಕೇಳುತ್ತಿದೆ ಎಂದು ಒಂದು ಸುಳ್ಳು ಹೇಳಿದರೆ ಹಡಗು ಸಂಜೆಗೆ ದಕ್ಕೆಗೆ ಬರುತ್ತದೆ, ಮಗಳು ಮನೆಗೆ ಬರುತ್ತಾಳೆ. ಎದ್ದು ಹೋಗಿ ಬಿಳಿ ಏರಿಸಿದೆ. ಬಟ್ಟೆ ತುದಿಯವರೆಗೆ ಹೋಗುವ ತನಕ ಹಗ್ಗ ಬಿಡಲಿಲ್ಲ. ಆ ಸಂಜೆ ಹಡಗು ದಡಕ್ಕೆ ಬರಲಿಲ್ಲ, ಅಲ್ಲಿಂದಲೇ ದೊಡ್ಡ ಪ್ರಯಾಣಕ್ಕೆ ಹೋಯಿತು.

ಆಮೇಲೆ ಮಾವಿನ ಮಿಡಿ ಬಂತು, ಉಪ್ಪಿನಕಾಯಿ ಹಾಕಿದ್ದಾಯಿತು. ಕಡಲು ಖಾಲಿಯಾಗಿದೆ, ನಮ್ಮ ದೋಣಿಗಳ ಹೊರತು ಅಲ್ಲಿ ಯಾರೂ ಬಂದು ನಿಂತಿಲ್ಲ. ಮೀನಿಗೆ ಹೋದವರ ಮನೆಗಳಲ್ಲಿ ಕೊಡಪಾನಗಳು ಎಂದಿನಂತೆ ಮಾತಾಡುತ್ತಿವೆಯಂತೆ. ನಾನು ಬೆಳಿಗ್ಗೆ ನೀರು ತುಂಬಿ ತಂದು ಇಟ್ಟ ಕೂಡಲೇ ಒಮ್ಮೆ ಕಿವಿ ಇಡುತ್ತೇನೆ, ಬೇರೆ ಕೆಲಸಕ್ಕೆ ಕೈ ಹಾಕುವುದು ಅದಾದ ಮೇಲೆ. ಬೇಲಿಯಾಚೆ ದೇವಕಿಯಕ್ಕನೂ ಅಷ್ಟು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ.

"ಎಂತಾದ್ರೂ ಕೇಳ್ತದಾ ಗುಲಾಬಿ?"

"ಎಂತದೂ ಇಲ್ಲ. ನಿಮಗೆ?"

"ನನಗೂ ಇಲ್ಲ. ಒಂದು ಚೂರೂ ಇಲ್ಲ" ಎನ್ನುತ್ತಾರೆ. ಆಮೇಲೆ ಕೊಡ ಸೊಂಟಕ್ಕೇರಿಸಿಕೊಂಡು, ಸುತ್ತಲಿನ ಮನೆಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ: "ಒಳ್ಳೆ ಮಕ್ಕಳು ಮಾರಾಯ್ತಿ, ನಮ್ಮವು!"